ಕಂಡ ದಾರಿಯನ್ನು ಎಲ್ಲರಿಗೂ ಹೇಳಬೇಕೇ?

ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ಹಿರಿಯರು. ಸುತ್ತಿ ಬಂದವನು ಕಂಡದ್ದನ್ನು ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನು ಮಾತ್ರ ಗಾದೆ ಹೇಳಲಿಲ್ಲ. ಆ ಕಾಲಕ್ಕೆ ಅದರ ಅಗತ್ಯವೂ ಇರಲಿಲ್ಲ. ನಡೆದು ಹೋದವನು ನಡೆದೇ ಬರಬೇಕಿತ್ತು. ಅವನ ಮಾತು ಜಗಲಿಯಲ್ಲಿ ಕುಳಿತ ನಾಲ್ಕು ಜನರಿಗೆ ತಲುಪುತ್ತಿತ್ತು. ಆ ನಾಲ್ವರಲ್ಲಿ ಒಬ್ಬ ಮುಂದಿನ ವರ್ಷ ಅದೇ ದಾರಿ ಹಿಡಿದರೆ ಅದೇ ದೊಡ್ಡದು. ಇಂದು ಬೆಟ್ಟದ ತುದಿಯಲ್ಲಿ ನಿಂತ ಹುಡುಗ ಮೊಬೈಲಿನಲ್ಲಿ ಕಳುಹಿಸಿದ ಚಿತ್ರ, ಅವನು ಕೆಳಗಿಳಿಯುವ ಮೊದಲೇ ಸಾವಿರಾರು ಜನರ ಕೈಯಲ್ಲಿರುತ್ತದೆ. ಜಾಗದ ಗುರುತೂ ಅದರ ಜೊತೆಯಲ್ಲೇ ಇರುತ್ತದೆ.

ಪ್ರಿಯ ವಾಚಕರೇ, ನಮ್ಮ ಧರ್ಮಕೇಂದ್ರಗಳ ಯುವಕ ಯುವತಿಯರು ಈಗ ರಜೆ ಸಿಕ್ಕರೆ ಚಾರಣಕ್ಕೆ ಹೊರಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೊರಡುವ ದಂಪತಿಗಳೂ ಇದ್ದಾರೆ. ಕಾಲಿಗೆ ಕೆಲಸ ಕೊಟ್ಟು, ಬೆವರು ಸುರಿಸಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಣ್ಣುವುದು ಮೈಗೂ ಮನಸ್ಸಿಗೂ ಒಳ್ಳೆಯದೇ. ಜನಜಂಗುಳಿಯ ಜಾಗಗಳು ಬೇಸರ ತಂದ ಮೇಲೆ, ಯಾರೂ ಹೋಗದ ಕಣಿವೆ, ಹೆಸರು ಕೇಳದ ಗುಡ್ಡ, ಹುಲ್ಲು ಮುಚ್ಚಿದ ಹಳೆಯ ಕಾಲುದಾರಿಗಳನ್ನು ಹುಡುಕುವವರು ಹೆಚ್ಚುತ್ತಿದ್ದಾರೆ. ಹುಡುಕಿದವರಿಗೆ ಒಂದಲ್ಲ ಒಂದು ದಿನ ಅಂಥ ಜಾಗ ಸಿಗುತ್ತದೆ. ಒಂದು ತಿರುವು ದಾಟಿದ ಕೂಡಲೇ ಕಾಡು ಸರಿದು ಕಣಿವೆ ತೆರೆದುಕೊಳ್ಳುತ್ತದೆ. ಅಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. ಆಗ ಮನಸ್ಸಿನಲ್ಲಿ ಎರಡು ಆಸೆಗಳು ಒಟ್ಟಿಗೇ ಹುಟ್ಟುತ್ತವೆ. ಇದನ್ನು ಎಲ್ಲರಿಗೂ ಹೇಳಬೇಕು. ಇದನ್ನು ಯಾರಿಗೂ ಹೇಳಬಾರದು.

ಈ ಎರಡರಲ್ಲಿ ಯಾವುದು ಸರಿ? ಇದೇನು ಅಂಥ ದೊಡ್ಡ ಪ್ರಶ್ನೆ, ಹೋಗಿ ಬಂದವನ ಇಷ್ಟ ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ನಿಂತು ಯೋಚಿಸಿದರೆ ಇದು ನಮ್ಮ ಸಂತೋಷ ಯಾರದು, ಈ ನೆಲ ಯಾರದು, ನಮ್ಮ ಒಂದು ಮಾತಿಗೆ ನಾವು ಎಷ್ಟು ದೂರ ಹೊಣೆ ಎಂಬ ಪ್ರಶ್ನೆಯೇ ಆಗಿದೆ.

ಒಂದು ಬೆಟ್ಟಕ್ಕೆ ಆದದ್ದು

ಕುಕ್ಕೆ ಸುಬ್ರಹ್ಮಣ್ಯದ ಹಿಂದೆ ಪುಷ್ಪಗಿರಿ ವನ್ಯಧಾಮದಲ್ಲಿರುವ ಕುಮಾರ ಪರ್ವತ 1,712 ಮೀಟರ್ ಎತ್ತರದ ಬೆಟ್ಟ. ಹತ್ತುವುದು ಸುಲಭವಲ್ಲ. ಒಂದು ಕಡೆಗೇ ಹತ್ತು ಕಿಲೋಮೀಟರಿಗಿಂತ ಹೆಚ್ಚು ನಡೆಯಬೇಕು. ಒಂದು ಕಾಲದಲ್ಲಿ ಅಲ್ಲಿಗೆ ಹೋಗುತ್ತಿದ್ದವರು ಕಡಿಮೆ. ಹೋದವರು ನಡುದಾರಿಯ ಗಿರಿಗದ್ದೆಯಲ್ಲಿ, ಎಲ್ಲರೂ ‘ಭಟ್ಟರ ಮನೆ’ ಎಂದು ಕರೆಯುವ ಮನೆಯಲ್ಲಿ ಅನ್ನ ಸಾರು ಉಂಡು ಮುಂದೆ ಸಾಗುತ್ತಿದ್ದರು. ದಶಕಗಳ ಕಾಲ ಆ ಮನೆ ಗುರುತು ಪರಿಚಯವಿಲ್ಲದ ಚಾರಣಿಗರಿಗೆ ಊಟ ಬಡಿಸಿದೆ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವ ಮತ್ತು ವಾರಾಂತ್ಯದ ರಜೆಗಳು ಒಟ್ಟಿಗೆ ಬಂದಾಗ ಆ ಬೆಟ್ಟದ ಬುಡದಲ್ಲಿ ಸಾವಿರಾರು ಜನ ನೆರೆದರು. ಬೆಳಗಾಗುವ ಮೊದಲೇ ಸಾಲುಗಟ್ಟಿ ನಿಂತವರ ಚಿತ್ರಗಳು ನಾಡಿನಾದ್ಯಂತ ಹರಡಿದವು. ಅದನ್ನು ಕಂಡ ಸರಕಾರ, ಆನ್‌ಲೈನ್ ಬುಕ್ಕಿಂಗ್ ಇಲ್ಲದ ಅರಣ್ಯ ಚಾರಣಗಳನ್ನು ಫೆಬ್ರವರಿಯಿಂದ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಹೊಸ ಬುಕ್ಕಿಂಗ್ ವ್ಯವಸ್ಥೆ ಬಂತು. ಒಂದು ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು.

ನೆಲಕ್ಕೆ ಇದರಿಂದ ಆಗುವ ನಷ್ಟವೇನು? ನಮ್ಮ ಘಟ್ಟದ ತುದಿಯಲ್ಲಿರುವುದು ಹುಲ್ಲುಗಾವಲು, ಅದರ ಮಡಿಲಿನಲ್ಲಿ ಶೋಲಾ ಕಾಡು. ಮಳೆಗಾಲದಲ್ಲಿ ಈ ಹುಲ್ಲಿನ ಬೇರು ಮತ್ತು ಕಾಡಿನ ತರಗೆಲೆ ನೀರನ್ನು ಹತ್ತಿಯಂತೆ ಹೀರಿಕೊಂಡು, ಬೇಸಿಗೆಯಲ್ಲಿ ತೊಟ್ಟು ತೊಟ್ಟಾಗಿ ತೊರೆಗೆ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲ ಇಂಥ ಹುಲ್ಲು ಮತ್ತು ಕಾಡುಗಳ ಸೀಮೆಯಲ್ಲೇ ಇದೆ. ನೂರು ಜನ ಒಂದೇ ಜಾಡಿನಲ್ಲಿ ನಡೆದರೆ ಮಣ್ಣು ಗಟ್ಟಿಯಾಗುತ್ತದೆ. ಗಟ್ಟಿಯಾದ ಮಣ್ಣಿಗೆ ನೀರು ಇಂಗುವುದಿಲ್ಲ. ಹರಿದ ನೀರು ಜಾಡನ್ನೇ ಕೊರೆದು ಕೊರಕಲು ಮಾಡುತ್ತದೆ. ಕೊರಕಲಿನಲ್ಲಿ ಕಾಲಿಡಲಾಗದವರು ಪಕ್ಕದ ಹುಲ್ಲು ತುಳಿಯುತ್ತಾರೆ, ಅಲ್ಲಿ ಎರಡನೆಯ ಜಾಡು, ಮೂರನೆಯ ಜಾಡು ಮೂಡುತ್ತದೆ. ತಿರುವು ತಪ್ಪಿಸಲು ನೇರವಾಗಿ ಇಳಿಯುವವರಿಂದಲೂ ಇದೇ ಆಗುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳ ಒಣ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ಎಸೆದ ಪ್ಲಾಸ್ಟಿಕ್ ಚೀಲಕ್ಕೆ ಉಪ್ಪಿನ ರುಚಿ ಅಂಟಿದ್ದರೆ ಕಡವೆ ಅದನ್ನು ಬಾಯಿಗೆ ಹಾಕುತ್ತದೆ.

ಅಲ್ಲಿಗೆ ಹೋದ ಯಾರೊಬ್ಬರೂ ಬೆಟ್ಟವನ್ನು ಹಾಳು ಮಾಡಬೇಕೆಂದು ಮನೆಯಿಂದ ಹೊರಟವರಲ್ಲ. ಒಬ್ಬೊಬ್ಬರೂ ಅದರ ಚೆಲುವಿಗೆ ಮನಸೋತೇ ಬಂದವರು. ಪ್ರೀತಿಯೇ ಒಟ್ಟುಗೂಡಿ ಗಾಯ ಮಾಡಿತು ಎಂಬುದನ್ನು ನಾವು ಮರೆಯಬಾರದು.

ಹೇಳಬೇಕು ಎನ್ನುವವರ ಮಾತು

ಹಾಗಾದರೆ ಬಾಯಿ ಮುಚ್ಚಿಕೊಂಡಿರುವುದೇ ಧರ್ಮವೇ? ಅಷ್ಟು ಸುಲಭವಾಗಿ ತೀರ್ಪು ಕೊಡಲಾಗದು. ಹಚ್ಚಿದ ದೀಪವನ್ನು ಮುಚ್ಚಿಡಬಾರದು ಎಂದು ಪ್ರಭು ಯೇಸುವೇ ಕಲಿಸಿದ್ದಾರೆ. ಒಳ್ಳೆಯದನ್ನು ಕಂಡವನ ಬಾಯಿ ತಾನಾಗಿ ತೆರೆಯುತ್ತದೆ. ಮನೆಯಲ್ಲಿ ಹಲಸಿನ ಹಣ್ಣು ಕೊಯ್ದರೆ ನೆರೆಮನೆಗೆ ನಾಲ್ಕು ತೊಳೆ ಹೋಗಲೇಬೇಕು ಎನ್ನುವ ಜನ ನಾವು. ಕಂಡ ಸೌಂದರ್ಯವನ್ನು ಮಾತ್ರ ಬಚ್ಚಿಟ್ಟುಕೊಳ್ಳುವುದು ಹೇಗೆ?

ಇನ್ನೊಂದು ಮಾತೂ ಇದೆ. ಹಣವಂತರಿಗೆ ತೋಟದ ಮನೆಯಿದೆ, ರೆಸಾರ್ಟಿದೆ, ಬೇಲಿ ಹಾಕಿದ ಜಲಪಾತವಿದೆ. ಬಸ್ಸಿನ ಟಿಕೇಟು, ಒಂದು ಜೊತೆ ಚಪ್ಪಲಿ, ಬುತ್ತಿಯ ಡಬ್ಬಿ ಇಷ್ಟೇ ಇರುವವನಿಗೆ ಉಳಿದದ್ದು ಕಾಲುದಾರಿ ಮಾತ್ರ. ಅದನ್ನೂ ಗುಟ್ಟಾಗಿಟ್ಟರೆ ಅವನು ಎಲ್ಲಿಗೆ ಹೋಗಬೇಕು?

ಮೂರನೆಯದು ಇನ್ನೂ ಗಟ್ಟಿಯಾದ ವಾದ. ಯಾರಿಗೂ ಗೊತ್ತಿಲ್ಲದ ಜಾಗ ಸತ್ತರೆ ಅಳುವವರೂ ಇರುವುದಿಲ್ಲ. ಕೇರಳದ ಸೈಲೆಂಟ್ ವ್ಯಾಲಿಯನ್ನು ನೋಡಿ. ಅಲ್ಲಿ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಆ ಕಾಡನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟು. ಬಲ್ಲವರು ಬರೆದರು, ಊರೂರಲ್ಲಿ ಹೇಳಿದರು, ಕವಿಗಳು ದನಿಗೂಡಿಸಿದರು. ಕೊನೆಗೆ ಯೋಜನೆ ಬಿದ್ದುಹೋಗಿ 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ನಿಶ್ಶಬ್ದ ಕಣಿವೆ ಎಂಬ ಹೆಸರಿನ ಕಾಡು ಉಳಿದದ್ದು ಜನ ಮಾತಾಡಿದ್ದರಿಂದ. ನಮ್ಮ ಕುದುರೆಮುಖದಲ್ಲೂ ಹಾಗೆಯೇ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಆ ಸೀಮೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದೇ ಇತ್ತು. ಬೆಟ್ಟವನ್ನು ಬಲ್ಲವರು ನ್ಯಾಯಾಲಯದವರೆಗೆ ಹೋದದ್ದರಿಂದ 2002ರಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ಮಾತಿಗೆ ಕೊಲ್ಲುವ ಶಕ್ತಿ ಇರುವಂತೆ ಕಾಯುವ ಶಕ್ತಿಯೂ ಇದೆ.

ಬೆಟ್ಟದಿಂದ ಇಳಿಯುವಾಗ

ದೀಪವನ್ನು ಮುಚ್ಚಿಡಬೇಡಿ ಎಂದ ಅದೇ ಯೇಸು, ಇನ್ನೊಂದು ಸಂದರ್ಭದಲ್ಲಿ ಬೇರೊಂದು ಮಾತು ಹೇಳುತ್ತಾರೆ. ಪೇತ್ರ, ಯಕೋಬ, ಯೊವಾನ್ನರನ್ನು ಎತ್ತರದ ಬೆಟ್ಟಕ್ಕೆ ಕರೆದೊಯ್ದ ಪ್ರಸಂಗ ನಿಮಗೆ ಗೊತ್ತು. ಅಲ್ಲಿ ಅವರ ರೂಪಾಂತರವನ್ನು ಕಂಡ ಪೇತ್ರನಿಗೆ ಹುಟ್ಟಿದ ಮೊದಲ ಆಸೆ ಮೂರು ಗುಡಾರ ಹಾಕಿ ಅಲ್ಲೇ ಉಳಿದುಬಿಡುವುದು. ಸುಂದರವಾದದ್ದನ್ನು ಕಂಡ ಕೂಡಲೇ ಅಲ್ಲೊಂದು ಕಟ್ಟಡ ಕಟ್ಟಬೇಕೆನ್ನುವ ನಮ್ಮ ಚಪಲ ಎಷ್ಟು ಹಳೆಯದು! ಗುಡಾರ ಏಳಲಿಲ್ಲ. ಬೆಟ್ಟದಿಂದ ಇಳಿಯುವಾಗ, ತಾವು ಪುನರುತ್ಥಾನವಾಗುವವರೆಗೂ ಕಂಡದ್ದನ್ನು ಯಾರಿಗೂ ಹೇಳಬಾರದೆಂದು ಪ್ರಭು ಅವರಿಗೆ ಆಜ್ಞಾಪಿಸಿದರು.

ಈ ಪ್ರಸಂಗಕ್ಕೆ ನಮ್ಮ ಚಾರಣಕ್ಕಿಂತ ಬಹಳ ಆಳವಾದ ಅರ್ಥವಿದೆ, ನಿಜ. ಆದರೂ ನಮಗೆ ಬೇಕಾದ ಒಂದು ವಿವೇಕ ಅದರಲ್ಲಿದೆ. ಆ ಮೌನಕ್ಕೆ ಒಂದು ಅವಧಿ ಇತ್ತು. ಕೇಳುವವರು ಅದನ್ನು ತಾಳಿಕೊಳ್ಳುವ, ಅರ್ಥಮಾಡಿಕೊಳ್ಳುವ ಕಾಲ ಬಂದಾಗ ಶಿಷ್ಯರು ಹೇಳಿದರು. ಹೇಳಿದ್ದರಿಂದಲೇ ಅದು ಶುಭಸಂದೇಶದಲ್ಲಿದೆ. ದೀಪದ ಮಾತೂ ಬೆಟ್ಟದ ಮಾತೂ ಒಂದಕ್ಕೊಂದು ವಿರುದ್ಧವಲ್ಲ. ಯಾವುದನ್ನು, ಯಾವಾಗ, ಯಾರಿಗೆ ಎಂಬ ವಿವೇಚನೆ ಇಲ್ಲದ ಮಾತು ದೀಪವಾಗದೆ ಕಿಡಿಯಾಗುತ್ತದೆ.

ಮೊದಲು ಕಂಡವರು ಯಾರು?

ನಮ್ಮ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ನಾನು ಈ ಜಾಗವನ್ನು ಕಂಡುಹಿಡಿದೆ ಎಂದು ಹೇಳುತ್ತೇವಲ್ಲ, ಆ ಮಾತು ಎಷ್ಟು ನಿಜ?

1336ರ ಏಪ್ರಿಲ್ 26ರಂದು ಇಟಲಿಯ ಕವಿ ಪೆಟ್ರಾರ್ಕ್ ತನ್ನ ತಮ್ಮನೊಡನೆ ಫ್ರಾನ್ಸಿನ ವೆಂತೂ ಬೆಟ್ಟವನ್ನು ಹತ್ತಿದ. ನೋಡುವ ಸಂತೋಷಕ್ಕಾಗಿಯೇ ಬೆಟ್ಟ ಹತ್ತಿದ ಮೊದಲಿಗರಲ್ಲಿ ಅವನನ್ನು ಇತಿಹಾಸ ಎಣಿಸುತ್ತದೆ. ಆದರೆ ಅವನೇ ಬರೆದ ಪತ್ರದಲ್ಲಿ ಒಬ್ಬ ಮುದಿ ಕುರುಬ ಬರುತ್ತಾನೆ. ಐವತ್ತು ವರ್ಷದ ಹಿಂದೆ ನಾನೂ ಹತ್ತಿದ್ದೆ, ಮುಳ್ಳಿಗೆ ಬಟ್ಟೆ ಹರಿದುಕೊಂಡದ್ದು ಬಿಟ್ಟರೆ ಏನೂ ಸಿಗಲಿಲ್ಲ, ಹೋಗಬೇಡಿ ಎಂದು ಅವನು ಬುದ್ಧಿ ಹೇಳುತ್ತಾನೆ. ಕೇಳದಿದ್ದಾಗ ಬಂಡೆಗಳ ನಡುವಿನ ದಾರಿಯನ್ನೂ ತೋರಿಸಿಕೊಡುತ್ತಾನೆ. ಕವಿಯ ಹೆಸರು ಉಳಿಯಿತು, ದಾರಿ ತೋರಿದ ಕುರುಬನ ಹೆಸರು ಉಳಿಯಲಿಲ್ಲ. ತುದಿಯಲ್ಲಿ ಪೆಟ್ರಾರ್ಕ್ ಜೊತೆಗೆ ಒಯ್ದಿದ್ದ ಸಂತ ಅಗಸ್ಟೀನರ ‘ಪಾಪನಿವೇದನೆಗಳು’ ಗ್ರಂಥವನ್ನು ತೆರೆದ. ಜನ ಬೆಟ್ಟ, ಕಡಲು, ನದಿಗಳನ್ನು ನೋಡಿ ಬೆರಗಾಗುತ್ತಾರೆ, ತಮ್ಮೊಳಗನ್ನು ನೋಡಿಕೊಳ್ಳುವುದನ್ನು ಮಾತ್ರ ಮರೆಯುತ್ತಾರೆ ಎಂಬ ಅರ್ಥದ ಸಾಲು ಕಣ್ಣಿಗೆ ಬಿತ್ತು. ಅವನಿಗೆ ನಾಚಿಕೆಯಾಯಿತು. ಕೆಳಗಿಳಿಯುವವರೆಗೂ ಅವನು ಒಂದು ಮಾತೂ ಆಡಲಿಲ್ಲ. ಆಮೇಲೆ ಕಂಡದ್ದನ್ನು ಬರೆದು ತಿಳಿಸಿದ್ದು ಆ ಗ್ರಂಥವನ್ನು ತನಗೆ ಕೊಟ್ಟಿದ್ದ ಅಗಸ್ಟೀನರ ಸಭೆಯ ಗುರುವಿಗೆ.

ನಮ್ಮ ಘಟ್ಟಗಳಲ್ಲೂ ಕುರುಬನಿಲ್ಲದ ಬೆಟ್ಟವಿಲ್ಲ. ಇಂದು ನಾವು ಅಪರೂಪದ ಹಾದಿ ಎಂದು ಸಂಭ್ರಮಿಸುವ ಅನೇಕ ಕಾಲುದಾರಿಗಳಲ್ಲಿ ಹಿಂದೆ ಹೇರೆತ್ತುಗಳು ಸಾಗುತ್ತಿದ್ದವು. ಕರಾವಳಿಯ ಉಪ್ಪು ಮೇಲೆ ಹೋಗುತ್ತಿತ್ತು, ಘಟ್ಟದ ಮೇಲಿನ ದವಸ ಕೆಳಗೆ ಬರುತ್ತಿತ್ತು. ಕುದುರೆಮುಖದ ಕಾಡಿನಲ್ಲಿ ಮಲೆಕುಡಿಯರು ತಲೆಮಾರುಗಳಿಂದ ಬಾಳಿದ್ದಾರೆ. ಅವರಿಗೆ ಪ್ರತಿ ತೊರೆಗೂ ಹೆಸರಿದೆ. ಅದೇ ಕುದುರೆಮುಖದ ಮೇಲೆ ಚಾರಣಿಗರು ‘ಲೋಬೋ ಮನೆ’ ಎಂದು ಗುರುತಿಸುವ ಒಂದು ಪಾಳು ಮನೆ ಇದೆ. ಮೋಡ ಬಂದು ಹೋಗುವ ಆ ಎತ್ತರದಲ್ಲೂ ಯಾರೋ ಬದುಕು ಕಟ್ಟಿದ್ದರು.

ನಮ್ಮ ಸಮುದಾಯದ ನೆನಪೂ ಘಟ್ಟದ ದಾರಿಯಲ್ಲಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಯಾದ ಕೆನರಾದ ಕಥೋಲಿಕರು ಶ್ರೀರಂಗಪಟ್ಟಣಕ್ಕೆ ಹೋದದ್ದು ಘಟ್ಟ ಹತ್ತಿ, ಕಾಲ್ನಡಿಗೆಯಲ್ಲಿ. ಮುದುಕರಿದ್ದರು, ಎಳೆಕೂಸುಗಳಿದ್ದವು. 1799ರ ನಂತರ ಬದುಕುಳಿದವರು ಮರಳಿ ಘಟ್ಟ ಇಳಿದರು. ಇಂದು ವಿನೋದಕ್ಕಾಗಿ ಹತ್ತುವ ನೆಲವನ್ನು ಅವರು ಕಣ್ಣೀರಿನಲ್ಲಿ ಹತ್ತಿದ್ದರು. ಇದನ್ನು ನೆನೆಯುವುದು ಯಾರ ಮೇಲೂ ಹಗೆ ಸಾಧಿಸಲಿಕ್ಕಲ್ಲ. ನಾವು ಕಾಲಿಡುವ ಮೊದಲು ಇಲ್ಲಿ ಬೇರೆ ಕಾಲುಗಳು ನಡೆದಿವೆ ಎಂಬ ವಿನಯ ನಮ್ಮಲ್ಲಿ ಹುಟ್ಟಲಿಕ್ಕೆ.

ಆದ್ದರಿಂದ ಯಾರಿಗೂ ಗೊತ್ತಿಲ್ಲದ ಜಾಗ ಎಂಬುದಿಲ್ಲ. ನಮಗೆ ಗೊತ್ತಿಲ್ಲದ ಜಾಗ ಎಂಬುದು ಮಾತ್ರ ಇದೆ. ಇದನ್ನು ಒಪ್ಪಿಕೊಂಡರೆ ಪ್ರಶ್ನೆಯ ಅರ್ಧ ಗಂಟು ತಾನಾಗಿ ಬಿಚ್ಚುತ್ತದೆ. ಅದು ನಮ್ಮ ಸೊತ್ತಲ್ಲವಾದ್ದರಿಂದ ಊರಿಗೆಲ್ಲ ಹಂಚಲೂ ನಮಗೆ ಹಕ್ಕಿಲ್ಲ, ಬೀಗ ಹಾಕಿಡಲೂ ಹಕ್ಕಿಲ್ಲ. ನಾವು ಅಲ್ಲಿ ಅತಿಥಿಗಳು.

ಅತಿಥಿಯ ಧರ್ಮ

ಅತಿಥಿ ಎಂದರೇನು ಎಂಬುದನ್ನು ನಮ್ಮ ನಾಡಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬಿಸಿಲಿನಲ್ಲಿ ಬಂದವನಿಗೆ ಮೊದಲು ಸಿಗುವುದು ಬೆಲ್ಲ ಮತ್ತು ನೀರು. ಹಿಂದಿನವರು ದಾರಿಯ ಬದಿಯಲ್ಲಿ ಎರಡು ಕಲ್ಲುಕಂಬ ನೆಟ್ಟು ಮೇಲೊಂದು ಚಪ್ಪಡಿ ಇಟ್ಟು ಹೊರೆಗಲ್ಲು ಮಾಡುತ್ತಿದ್ದರು. ತಲೆಹೊರೆ ಹೊತ್ತವನು ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಿ, ದಣಿವಾರಿಸಿಕೊಂಡು ಮತ್ತೆ ಹೊರಬಹುದಿತ್ತು. ನೀರಿಗಾಗಿ ಅರವಟ್ಟಿಗೆಗಳಿದ್ದವು. ಯೂರೋಪಿನ ಆಲ್ಪ್ಸ್ ಪರ್ವತದ ಹಿಮದ ಕಣಿವೆಯಲ್ಲಿ ಸಂತ ಬರ್ನಾರ್ಡರು ಹನ್ನೊಂದನೆಯ ಶತಮಾನದಲ್ಲಿ ದಾರಿಹೋಕರಿಗಾಗಿ ಕಟ್ಟಿಸಿದ ಆಶ್ರಯಧಾಮವೂ ಇದೇ ಮನಸ್ಸಿನದು. ಸ್ವತಃ ಬೆಟ್ಟ ಹತ್ತುತ್ತಿದ್ದ ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು 1923ರಲ್ಲಿ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕ ಸಂತರೆಂದು ಘೋಷಿಸಿದರು.

ಒಳ್ಳೆಯ ಅತಿಥಿ ಏನು ಮಾಡುತ್ತಾನೆ? ಕೇಳದೆ ಒಳಗೆ ನುಗ್ಗುವುದಿಲ್ಲ. ಬಾವಿಕಟ್ಟೆಯನ್ನು ಕೊಳೆ ಮಾಡುವುದಿಲ್ಲ. ಮನೆಯವರಿಗೆ ತಿಳಿಸದೆ ಮರುದಿನ ಐವತ್ತು ಜನರನ್ನು ಊಟಕ್ಕೆ ಕರೆತರುವುದಿಲ್ಲ. ಹಾಗೆಂದು ಆ ಮನೆಯ ಉಪಕಾರವನ್ನು ಮುಚ್ಚಿಡುವುದೂ ಇಲ್ಲ. ಕಷ್ಟದಲ್ಲಿರುವ ಒಬ್ಬನನ್ನು ಕಂಡರೆ ಕೈಹಿಡಿದು ತಾನೇ ಆ ಬಾಗಿಲಿಗೆ ಕರೆದುಕೊಂಡು ಬರುತ್ತಾನೆ. ಕಾಲುದಾರಿಯ ವಿಷಯದಲ್ಲೂ ಇದೇ ನೀತಿ ಸಾಕು. ಬಾಯಿಂದ ಬಾಯಿಗೆ ಹರಡುವ ಬದಲು ಕೈಹಿಡಿದು ಕರೆದೊಯ್ಯುವುದು, ಜಾಗದ ಹೆಸರಿಗಿಂತ ಮೊದಲು ಅಲ್ಲಿ ನಡೆದುಕೊಳ್ಳುವ ರೀತಿಯನ್ನು ಹೇಳಿಕೊಡುವುದು.

ಇದನ್ನು ಹೀಗೆ ಬಿಡಿಸಿ ಹೇಳಬಹುದು. ಅನುಮತಿ, ಮಾರ್ಗದರ್ಶಿ, ದಿನಕ್ಕಿಷ್ಟು ಜನರೆಂಬ ಮಿತಿ ಇರುವ ಹಾದಿಯನ್ನು ಧಾರಾಳವಾಗಿ ಹೇಳಿ. ಅಲ್ಲಿ ಬಾಗಿಲು ಕಾಯುವವರಿದ್ದಾರೆ. ಯಾವ ಏರ್ಪಾಡೂ ಇಲ್ಲದ ನೆಲವನ್ನು ಜೊತೆಗೆ ನಡೆಯುವ ನಾಲ್ಕು ಜನರಿಗೆ ಮಾತ್ರ ತೋರಿಸಿ. ಹೊರಡುವ ಮೊದಲು ಆ ಊರಿನವರನ್ನು ಕೇಳಿ. ದಾರಿ ಗದ್ದೆಯ ಬದುವಿನ ಮೇಲೆ ಹೋಗುತ್ತದೆಯೇ, ದೈವದ ಬನದ ಪಕ್ಕದಲ್ಲಿದೆಯೇ, ಈಗ ಹೋಗಬಹುದಾದ ಕಾಲವೇ ಎಂದು ಅವರೇ ಹೇಳುತ್ತಾರೆ. ಬೇಡ ಎಂದರೆ ಹಿಂದಿರುಗಿ. ವನ್ಯಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡುವುದು ಕಾನೂನಿಗೂ ವಿರುದ್ಧ. ಆದರೆ ಆ ಜಾಗಕ್ಕೆ ಕಲ್ಲುಕೋರೆಯೋ ಬೇರಾವುದೋ ಗಂಡಾಂತರವೋ ಬಂದಿದೆ ಎಂದು ತಿಳಿದರೆ ಮೌನ ಮುರಿಯಿರಿ, ಗಂಟಲು ತೆರೆದು ಹೇಳಿ. ಆಗ ಸುಮ್ಮನಿರುವುದೇ ಪಾಪ.

ನಡೆದು ಸಂತನಾದ ಒಬ್ಬ ಯುವಕನ ಬಾಳು ಇಲ್ಲಿ ನೆನಪಾಗುತ್ತದೆ. 1901ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಹುಟ್ಟಿದ ಪಿಯೆರ್ ಜಾರ್ಜಿಯೋ ಫ್ರಸಾತಿಗೆ ಬೆಟ್ಟವೆಂದರೆ ಪ್ರಾಣ. ಸಿರಿವಂತ ಮನೆಯ ಮಗ. ರಜೆ ಬಂದರೆ ಗೆಳೆಯ ಗೆಳತಿಯರನ್ನು ಕಟ್ಟಿಕೊಂಡು ಆಲ್ಪ್ಸ್ ಹತ್ತುತ್ತಿದ್ದ. ಊರಿಗೆ ಮರಳಿದರೆ ಬಡವರ ಓಣಿಗಳಲ್ಲಿ ಔಷಧಿ, ಬಟ್ಟೆ ಹೊತ್ತು ತಿರುಗುತ್ತಿದ್ದ. ಬಂಡಿಯ ಖರ್ಚಿಗಿದ್ದ ಕಾಸನ್ನು ಬಡವರಿಗೆ ಕೊಟ್ಟು ಮನೆಗೆ ನಡೆದು ಬರುತ್ತಿದ್ದ. 1925ರ ಜುಲೈ 4ರಂದು, 24ರ ಪ್ರಾಯದಲ್ಲಿ ಪೋಲಿಯೋದಿಂದ ತೀರಿಕೊಂಡ. ಶವಸಂಸ್ಕಾರಕ್ಕೆ ಬಂದು ನೆರೆದ ಬಡವರ ಗುಂಪನ್ನು ಕಂಡಾಗಲೇ ಮನೆಯವರಿಗೆ ಅವನ ಸೇವೆ ಎಷ್ಟು ದೊಡ್ಡದೆಂದು ತಿಳಿದದ್ದು. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ಅವರನ್ನು ಸಂತರೆಂದು ಸಾರಿದರು. ಅವರ ಬಾಳಿನಲ್ಲಿ ಮಾತು ಮೌನಗಳ ಹಂಚಿಕೆ ಎಷ್ಟು ಚೆನ್ನಾಗಿತ್ತು ನೋಡಿ. ತಾನು ಮಾಡಿದ ಉಪಕಾರವನ್ನು ಬಚ್ಚಿಟ್ಟರು. ತನಗೆ ಸಿಕ್ಕ ಸಂತೋಷಕ್ಕೆ ಮಾತ್ರ ಇತರರನ್ನು ಜೊತೆಗೆ ಕರೆದೊಯ್ದರು.

ನನಗೆ ಮಾತ್ರವೇ?

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಮೊದಲು ಹೋದವನು ಎಲ್ಲ ನೋಡಿ ಬಂದು, ಹಿಂದೆ ಬರುವವನಿಗೆ ನೀನು ಬರಬೇಡ, ಜನ ಹೆಚ್ಚಾಯಿತು ಎನ್ನುವುದು ಯಾವ ನ್ಯಾಯ? ಬಸ್ಸು ಹತ್ತಿ ಸೀಟು ಹಿಡಿದವನು, ಜಾಗವಿಲ್ಲ ಎಂದು ಬಾಗಿಲಲ್ಲಿ ನಿಂತವನನ್ನು ತಳ್ಳಿದಂತೆ ಆಗಲಿಲ್ಲವೇ?

ಆಕ್ಷೇಪ ನ್ಯಾಯವಾದದ್ದೇ. ಪ್ರಕೃತಿಯ ಹೆಸರು ಹೇಳಿ ತನ್ನ ಏಕಾಂತವನ್ನು ಕಾಯ್ದುಕೊಳ್ಳುವವರು ಇದ್ದಾರೆ. ಅವರ ಮೌನ ಜಿಪುಣನ ಪೆಟ್ಟಿಗೆಯ ಬೀಗದಂತೆ. ನಮ್ಮ ಮೌನ ಯಾವ ಜಾತಿಯದು ಎಂದು ತಿಳಿಯಲು ಒಂದು ಒರೆಗಲ್ಲಿದೆ. ನಾನು ಎರಡನೆಯ ಬಾರಿ ಹೋಗುವುದನ್ನು ಬಿಟ್ಟು, ಇನ್ನೊಬ್ಬ ಮೊದಲ ಬಾರಿ ಹೋಗುವಂತೆ ಮಾಡಲು ಸಿದ್ಧನಿದ್ದೇನೆಯೇ? ದಿನಕ್ಕೆ 300 ಜನ ಎಂದು ಲೆಕ್ಕವಾದ ಮೇಲೆ ಇದು ಬರೀ ಮಾತಲ್ಲ. ತಿಂಗಳಿಗೊಮ್ಮೆ ಅದೇ ಬೆಟ್ಟಕ್ಕೆ ಹೋಗುವವನು ಪ್ರತಿ ಸಲವೂ ಒಬ್ಬನ ಪಾಲನ್ನು ತೆಗೆದುಕೊಳ್ಳುತ್ತಾನೆ. ಆ ಒಬ್ಬ, ಬದುಕಿನಲ್ಲಿ ಒಮ್ಮೆಯೂ ಬೆಟ್ಟ ಕಾಣದ ಕಾರ್ಮಿಕನ ಮಗಳಾಗಿರಬಹುದು. ತನ್ನ ಪಾಲನ್ನು ಬಿಟ್ಟುಕೊಡಲು ಸಿದ್ಧನಿರುವವನ ಮೌನವನ್ನು ನಂಬಬಹುದು. ಸಿದ್ಧನಿಲ್ಲದವನು ಅದಕ್ಕೆ ಪ್ರಕೃತಿಪ್ರೇಮ ಎಂದು ಹೆಸರಿಡುವುದು ಬೇಡ.

ಮನೆಯ ಹತ್ತಿರದ ಅಪರಿಚಿತ ನೆಲ

ಇಷ್ಟೆಲ್ಲ ಜನ ಒಂದೇ ಬೆಟ್ಟಕ್ಕೆ ಯಾಕೆ ಮುತ್ತುತ್ತಾರೆ? ಎಲ್ಲರ ಕಿವಿಗೂ ಅದೇ ನಾಲ್ಕು ಹೆಸರುಗಳು ಬಿದ್ದಿರುವುದರಿಂದ. ಉಳಿದ ನೆಲವೆಲ್ಲ ಬರೀ ನೆಲ, ನೋಡುವಂಥದ್ದು ಏನೂ ಇಲ್ಲ ಎಂಬ ತಪ್ಪು ಕಲ್ಪನೆಯಿಂದ. ಇಡೀ ಕಷ್ಟಕ್ಕೆ ಮದ್ದು ಬಹುಶಃ ನಮ್ಮ ಅಂಗಳದಾಚೆಯೇ ಇದೆ.

ಕರಾವಳಿಯವರಾದರೆ ನಿಮ್ಮೂರಿನ ಪದವಿಗೆ ಹೋಗಿ. ಮುರಕಲ್ಲಿನ ಆ ಬೋಳು ಬಯಲನ್ನು ಬಂಜರು ಎಂದು ಕರೆದು ಬಿಟ್ಟಿದ್ದೇವೆ. 1800, 1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲತೀನಿನಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ ಬಂದ ಹೆಸರದು. ಮಳೆ ಹಿಡಿದ ಮೇಲೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋಗಿ ನೋಡಿ. ಬೆರಳಷ್ಟು ಮಣ್ಣಿರುವ ಆ ಕಲ್ಲಿನ ಮೇಲೆ ನೀಲಿ, ಬಿಳಿ, ಹಳದಿ ಹೂಗಳು ನೆಲ ಕಾಣದಂತೆ ಅರಳಿರುತ್ತವೆ. ಆ ನೀಲಿ ಹೂವಿನ ಪುಟ್ಟ ಗಿಡ ಬುಡದಲ್ಲಿರುವ ಚಿಕ್ಕ ಚೀಲಗಳಲ್ಲಿ ನೀರಿನ ಸೂಕ್ಷ್ಮ ಜೀವಿಗಳನ್ನು ಹಿಡಿದು ಬದುಕುತ್ತದೆ, ಅಷ್ಟು ಬಡ ನೆಲ ಅದು. ಬಗ್ಗಿ ನೋಡದವನಿಗೆ ಅದು ಕಾಣುವುದೇ ಇಲ್ಲ.

ಬಯಲುಸೀಮೆಯವರಾದರೆ ಕೆರೆಯಿಂದ ಕೆರೆಗೆ ನಡೆಯಿರಿ. ನಮ್ಮ ಹಿರಿಯರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ ಸೇರಬೇಕು. ಏರಿ, ತೂಬು, ಕೋಡಿ, ಕಾಲುವೆ ಎಂದು ಗುರುತಿಸುತ್ತ ಒಂದು ಬೆಳಗ್ಗೆ ನಡೆದರೆ ಇಡೀ ಊರಿನ ನೀರಿನ ಕಥೆ ಬಿಚ್ಚಿಕೊಳ್ಳುತ್ತದೆ. ಎಲ್ಲಿ ಕಾಲುವೆ ಮುಚ್ಚಿ ಮನೆ ಕಟ್ಟಿದ್ದಾರೆ, ಯಾವ ಓಣಿಗೆ ಮಳೆಗಾಲದಲ್ಲಿ ನೀರು ಯಾಕೆ ನುಗ್ಗುತ್ತದೆ ಎಂಬುದೂ ತಿಳಿಯುತ್ತದೆ. ದಾರಿಯಲ್ಲಿ ಹುಲ್ಲಿನ ನಡುವೆ ಒಂದು ವೀರಗಲ್ಲು ಸಿಕ್ಕರೆ, ದನಗಳನ್ನು ಉಳಿಸಲು ಹೋರಾಡಿ ಮಡಿದ ಯಾರದೋ ಮಗನ ಮುಂದೆ ಒಂದು ನಿಮಿಷ ನಿಲ್ಲಿರಿ.

ತಂದೆ ತಾಯಂದಿರೇ, ಮಕ್ಕಳನ್ನು ದೂರದ ಬೆಟ್ಟಕ್ಕೆ ಕರೆದೊಯ್ಯುವ ಮೊದಲು ಇಂಥ ದಾರಿಗಳಲ್ಲಿ ನಡೆಸಿ. ತಿಂಗಳಲ್ಲಿ ಒಂದು ಭಾನುವಾರ, ಪೂಜೆ ಮುಗಿಸಿ ಬಂದ ಮೇಲೆ, ಅಜ್ಜ ಅಜ್ಜಿಯರ ಕಾಲು ನಡೆಯುವಷ್ಟು ದೂರ ಸಾಕು. ಗಿಡದ ಹೆಸರು ಅವರಿಗೆ ಗೊತ್ತಿರುತ್ತದೆ. ತಾವು ಶಾಲೆಗೆ ನಡೆದುಹೋದ ಕಾಲುದಾರಿ ಯಾವುದು, ಹಳ್ಳ ದಾಟುತ್ತಿದ್ದ ಸಂಕ ಎಲ್ಲಿತ್ತು ಎಂದು ಕೈತೋರಿಸಿ ಹೇಳುತ್ತಾರೆ. ಆ ದಾರಿ ಅವರಿಂದ ಮೊಮ್ಮಕ್ಕಳಿಗೆ ದಾಟುವುದು ಹಾಗೆಯೇ. ಹೀಗೆ ಬೆಳೆದ ಮಗು ಮುಂದೆ ಎಷ್ಟು ಎತ್ತರದ ಬೆಟ್ಟಕ್ಕೆ ಹೋದರೂ ಅಲ್ಲಿ ಅತಿಥಿಯಂತೆಯೇ ನಡೆದುಕೊಳ್ಳುತ್ತದೆ. ಊರೂರಿನ ಜನ ತಮ್ಮ ತಮ್ಮ ನೆಲವನ್ನು ಹೀಗೆ ತಿಳಿದುಕೊಂಡರೆ ಯಾವ ಒಂದು ಬೆಟ್ಟದ ಬೆನ್ನಿಗೂ ನಾಡಿನ ಭಾರವೆಲ್ಲ ಬೀಳಲಾರದು.

ಈ ಲೇಖನದಲ್ಲಿ ಈಗಾಗಲೇ ಎಲ್ಲರೂ ಬಲ್ಲ ಜಾಗಗಳ ಹೆಸರುಗಳು ಮಾತ್ರ ಇವೆ ಎಂಬುದನ್ನು ನೀವು ಗಮನಿಸಿರಬಹುದು. ಉಳಿದವುಗಳ ಹೆಸರು ನಿಮ್ಮ ಊರಿನ ದನ ಮೇಯಿಸುವವರಿಗೆ, ಸೌದೆ ತರುವವರಿಗೆ ಗೊತ್ತಿದೆ. ಅವರನ್ನು ಕೇಳಿ, ಅವರ ಹಿಂದೆ ನಡೆಯಿರಿ. ಕಂಡದ್ದನ್ನು ಒಂದಿಷ್ಟು ಕಾಲ ಮನಸ್ಸಿನಲ್ಲೇ ಇಟ್ಟುಕೊಳ್ಳಿ. ಹೇಳಲೇಬೇಕೆನ್ನಿಸಿದ ದಿನ, ಯಾರಿಗೆ ಹೇಳುತ್ತೀರೋ ಅವರ ಕೈಹಿಡಿದು ಕರೆದುಕೊಂಡು ಹೋಗಿ.